ಮಣಿಕಟ್ಟಿನ ಆಂಜಿಯೋಗ್ರಾಂಗೆ ದಾರಿದೀಪವಾದ ವೈದ್ಯ ಎಡ್ಗರ್ ಅಲೆನ್
ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನಲ್ಲಿ ಮಣಿಕಟ್ಟಿನ ಮೂಲಕ ಹೃದಯದ ಆಂಜಿಯೋಗ್ರಾಂ ಮಾಡಿಸಿಕೊಳ್ಳುವವರಿಗೂ ಎಡ್ಗರ್ ಅಲೆನ್ ಹೆಸರಿಗೂ ನಂಟಿದೆ. 1900ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿದ ಅವರು ಮೇಯೊ ಕ್ಲಿನಿಕ್‌ನಲ್ಲಿ ರಕ್ತನಾಳ ತಜ್ಞರಾಗಿದ್ದರು.

1929ರಲ್ಲಿ ಬರ್ಗರ್ ಕಾಯಿಲೆಯ ರೋಗಿಗಳಿಗಾಗಿ ಅವರು ವಿವರಿಸಿದ ಪರೀಕ್ಷೆ ಬಲು ಸರಳ. ರೋಗಿ ಮುಷ್ಟಿ ಬಿಗಿಯಬೇಕು, ವೈದ್ಯರು ಮಣಿಕಟ್ಟಿನ ಒಂದು ಅಪಧಮನಿಯನ್ನು ಒತ್ತಿ ಹಿಡಿಯಬೇಕು. ಬಿಚ್ಚಿದ ಅಂಗೈಗೆ ಬಣ್ಣ ಮರಳಿದರೆ ಇನ್ನೊಂದು ಅಪಧಮನಿ ಕೈಯನ್ನು ಕಾಯುತ್ತಿದೆ ಎಂದರ್ಥ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಅಧ್ಯಯನಕ್ಕಾಗಿ 1960ರಲ್ಲಿ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡ ಅಲೆನ್, ಮರುವರ್ಷವೇ ನಿಧನರಾದರು.

ಈಗ ಹೆಪಾರಿನ್ ಕೊಟ್ಟು, ಮಣಿಕಟ್ಟಿನ ಪಟ್ಟಿಯನ್ನು ರಕ್ತ ಹರಿಯುವಷ್ಟು ಸಡಿಲವಾಗಿ ಕಟ್ಟಿ ನಾಳ ಮುಚ್ಚದಂತೆ ನೋಡಿಕೊಳ್ಳುತ್ತಾರೆ. ಮುಚ್ಚಿದರೆ ಮುಂದಿನ ಚಿಕಿತ್ಸೆಗೆ ಆ ದಾರಿ ಸಿಗುವುದು ಕಷ್ಟ. ಬೆರಳು ಜೋಮು ಹಿಡಿದರೆ ತಕ್ಷಣ ವೈದ್ಯರಿಗೆ ತಿಳಿಸಿ.