ಹೆಸರಿಲ್ಲದ ಅಪರಾಧಕ್ಕೆ ಹೆಸರಿಟ್ಟವರು

ಈ ಲೇಖನ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ. ನಮ್ಮ ಮನೆಯಲ್ಲಿ ಅಬ್ಬಾ, ಅಮ್ಮಿ, ನಾನು, ತಮ್ಮ ಎಲ್ಲರೂ ಕೂತು ಉಸ್ಮಾನಿ ಸುಲ್ತಾನರ ಕಥೆಯ ಟರ್ಕಿ ಧಾರಾವಾಹಿಯನ್ನು ಉರ್ದು ಡಬ್ಬಿಂಗ್‌ನಲ್ಲಿ ನೋಡುತ್ತೇವೆ. ಆ ಸಾಮ್ರಾಜ್ಯ ನಮ್ಮದೇ ಎಂಬ ಅಭಿಮಾನ ನನಗೆ. ಮೊದಲ ಮಹಾಯುದ್ಧದ ಪಾಠ ನಡೆಯುತ್ತಿದ್ದಾಗ, ಅದೇ ಆಟೋಮನ್ ಸರ್ಕಾರ 1915ರಲ್ಲಿ ತನ್ನ ಪ್ರಜೆಗಳೇ ಆಗಿದ್ದ ಅರ್ಮೇನಿಯನ್ ಕ್ರೈಸ್ತರನ್ನು ನಾಶ ಮಾಡಿತು ಎಂದು ಸರ್ ಹೇಳಿದರು. ನಾನು ತಟ್ಟನೆ ಎದ್ದು ನಿಂತು, ಇದೆಲ್ಲ ಪಶ್ಚಿಮದವರು ಕಟ್ಟಿದ ಕಥೆ ಎಂದುಬಿಟ್ಟೆ. ಸರ್ ಗದರಲಿಲ್ಲ. ಒಂದು ಚೀಟಿಯಲ್ಲಿ ರಫಾಯೆಲ್ ಲೆಮ್ಕಿನ್ ಎಂಬ ಹೆಸರು ಬರೆದುಕೊಟ್ಟು, ಓದಿಕೊಂಡು ಬಾ ಎಂದರು.

ಲೆಮ್ಕಿನ್ ಅವರು ಹುಟ್ಟಿದ್ದು 1900ರಲ್ಲಿ, ಇಂದಿನ ಬೆಲಾರೂಸ್ ದೇಶದ ವೋಲ್ಕೊವಿಸ್ಕ್ ಪಟ್ಟಣದ ಹತ್ತಿರದ ಹಳ್ಳಿಯ ಒಂದು ಯಹೂದಿ ರೈತ ಕುಟುಂಬದಲ್ಲಿ. ಚಿಕ್ಕವರಿದ್ದಾಗ ತಾಯಿಯೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. 1921ರಲ್ಲಿ ಅವರ ಜೀವನದ ದಿಕ್ಕನ್ನೇ ಬದಲಿಸಿದ ಒಂದು ಘಟನೆ ನಡೆಯಿತು. ಆಟೋಮನ್ ಸರ್ಕಾರದ ಮಾಜಿ ಮಂತ್ರಿ ತಲಾತ್ ಪಾಷಾ ಅವರನ್ನು ಬರ್ಲಿನ್ ನಗರದ ಬೀದಿಯಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ಗುಂಡಿಟ್ಟು ಕೊಂದ. ಅರ್ಮೇನಿಯನ್ನರನ್ನು ಊರು ಬಿಡಿಸಿ ಸಿರಿಯಾದ ಮರುಭೂಮಿಯ ಕಡೆಗೆ ಅಟ್ಟುವ ಆದೇಶಗಳ ಹಿಂದೆ ಇದ್ದವರು ತಲಾತ್. ಆ ದಾರಿಯಲ್ಲಿ ಕೊಲೆ, ಹಸಿವು ಮತ್ತು ರೋಗಕ್ಕೆ ಲಕ್ಷಾಂತರ ಜನ ಬಲಿಯಾದರು. ಸತ್ತವರು 10 ಲಕ್ಷಕ್ಕೂ ಹೆಚ್ಚು ಎಂಬುದು ಅನೇಕ ಇತಿಹಾಸಕಾರರ ಅಂದಾಜು.

ಆಗ ಲ್ವೂವ್ ನಗರದಲ್ಲಿ ಕಾನೂನು ಓದುತ್ತಿದ್ದ ಲೆಮ್ಕಿನ್ ತಮ್ಮ ಪ್ರಾಧ್ಯಾಪಕರನ್ನು ಒಂದು ಪ್ರಶ್ನೆ ಕೇಳಿದರು. ಒಬ್ಬನನ್ನು ಕೊಂದ ಯುವಕನಿಗೆ ವಿಚಾರಣೆ ಇದೆ, ಲಕ್ಷಾಂತರ ಜನರ ಸಾವಿಗೆ ಕಾರಣರಾದವರನ್ನು ಯಾಕೆ ಯಾವ ದೇಶವೂ ಹಿಡಿದು ವಿಚಾರಿಸಲಿಲ್ಲ? ಪ್ರಾಧ್ಯಾಪಕರು ಕೋಳಿ ಸಾಕಿದ ರೈತನ ಉದಾಹರಣೆ ಕೊಟ್ಟರು. ತನ್ನ ಕೋಳಿಗಳನ್ನು ಅವನು ಕೊಂದರೆ ನೆರೆಯವರು ಕೇಳುವಂತಿಲ್ಲ, ದೇಶಗಳ ಮಟ್ಟಿಗೂ ಕಾನೂನು ಹಾಗೆಯೇ ಎಂದರು. ಮನುಷ್ಯರು ಕೋಳಿಗಳಲ್ಲವಲ್ಲ ಎಂಬ ಸಂಕಟ ಲೆಮ್ಕಿನ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮುಂದೆ ಅವರು ವಾರ್ಸಾದಲ್ಲಿ ವಕೀಲರಾದರು. 1933ರಲ್ಲಿ ಮ್ಯಾಡ್ರಿಡ್‌ನ ಅಂತರರಾಷ್ಟ್ರೀಯ ಕಾನೂನು ಸಮ್ಮೇಳನಕ್ಕೆ, ಒಂದು ಜನಾಂಗವನ್ನು ನಾಶಮಾಡುವುದನ್ನು ಎಲ್ಲ ದೇಶಗಳೂ ಅಪರಾಧವೆಂದು ಪರಿಗಣಿಸಬೇಕೆಂಬ ಪ್ರಸ್ತಾವ ಕಳುಹಿಸಿದರು. ಅದರಿಂದ ಏನೂ ಆಗಲಿಲ್ಲ. 1939ರಲ್ಲಿ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಲೆಮ್ಕಿನ್ ತಪ್ಪಿಸಿಕೊಂಡು ಹೊರಟರು, ತಂದೆತಾಯಿ ಊರು ಬಿಡಲು ಒಪ್ಪಲಿಲ್ಲ. ಸ್ವೀಡನ್, ಸೋವಿಯತ್ ಒಕ್ಕೂಟ, ಜಪಾನ್ ದಾಟಿ 1941ರಲ್ಲಿ ಅವರು ಅಮೆರಿಕ ಸೇರಿದರು. ಯುದ್ಧ ಮುಗಿದ ಮೇಲೆ ತಿಳಿಯಿತು, ತಂದೆತಾಯಿ ಸೇರಿ 49 ಮಂದಿ ಬಂಧುಗಳು ಕೊಲೆಯಾಗಿದ್ದರು.

ಆ ವೇಳೆಗೆ, 1944ರ ತಮ್ಮ ಪುಸ್ತಕದಲ್ಲಿ, ಅವರು ಆ ಅಪರಾಧಕ್ಕೆ ಒಂದು ಹೆಸರು ಕೊಟ್ಟಾಗಿತ್ತು. ಗ್ರೀಕ್ ಭಾಷೆಯ ಜನಾಂಗ ಎಂಬ ಅರ್ಥದ ಪದಕ್ಕೆ ಲ್ಯಾಟಿನ್ನಿನ ಕೊಲ್ಲು ಎಂಬ ಅರ್ಥದ ಪದ ಸೇರಿಸಿ ಜೆನೊಸೈಡ್ ಎಂದರು. ನಾವು ಜನಾಂಗೀಯ ಹತ್ಯೆ ಎನ್ನುವುದು ಇದನ್ನೇ. ನಂತರ ಅವರು ವಿಶ್ವಸಂಸ್ಥೆಯ ಕಾರಿಡಾರ್‌ಗಳಲ್ಲಿ ಕಂಡಕಂಡ ಪ್ರತಿನಿಧಿಗಳನ್ನು ಹಿಡಿದು ಬೇಡಿಕೊಂಡರು. ಅವರು ಯಾವ ದೇಶದ ಪ್ರತಿನಿಧಿಯೂ ಆಗಿರಲಿಲ್ಲ. 1946ರಲ್ಲಿ ಈ ವಿಷಯವನ್ನು ಸಾಮಾನ್ಯ ಸಭೆಯ ಮುಂದಿಟ್ಟ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ನಮಗೆ ಆಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಆ ವರ್ಷ ನಮ್ಮ ನಿಯೋಗದ ನೇತೃತ್ವ ವಹಿಸಿದ್ದವರು ವಿಜಯಲಕ್ಷ್ಮಿ ಪಂಡಿತ್. 1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಜನಾಂಗೀಯ ಹತ್ಯೆಯ ವಿರುದ್ಧದ ಒಪ್ಪಂದ ಅಂಗೀಕಾರವಾಯಿತು.

ಇಷ್ಟು ಓದಿದ ಮೇಲೂ ನನ್ನ ಮನಸ್ಸು ವಾದ ಹೂಡುತ್ತಲೇ ಇತ್ತು. ಯುದ್ಧದಲ್ಲಿ ಎರಡೂ ಕಡೆ ಜನ ಸತ್ತರು, ನಾಶ ಮಾಡುವ ಉದ್ದೇಶವೇ ಇರಲಿಲ್ಲ ಎಂದು ಟರ್ಕಿ ಸರ್ಕಾರ ಇಂದಿಗೂ ಹೇಳುತ್ತದೆ. ಒಪ್ಪಂದದ ಪ್ರಕಾರ ಉದ್ದೇಶವೇ ಮುಖ್ಯ, ಆದ್ದರಿಂದ ನಿರಾಕರಿಸುವವರು ಹಿಡಿಯುವುದೂ ಆ ಎಳೆಯನ್ನೇ. ಆದರೆ 1919ರಲ್ಲಿ ಇಸ್ತಾಂಬುಲ್‌ನ ಆಟೋಮನ್ ಸೇನಾ ನ್ಯಾಯಾಲಯವೇ ತಲಾತ್ ಅವರಿಗೆ, ಅವರ ಗೈರುಹಾಜರಿಯಲ್ಲಿ, ಮರಣದಂಡನೆ ವಿಧಿಸಿತ್ತು. ಅಲೆಪ್ಪೊದ ಗವರ್ನರ್ ಆಗಿದ್ದ ಜಲಾಲ್ ಬೇ ಈ ಗಡಿಪಾರನ್ನು ವಿರೋಧಿಸಿದರು. ಅವರನ್ನು ಕೊನ್ಯಾಕ್ಕೆ ವರ್ಗ ಮಾಡಿದರು, ಅಲ್ಲಿಯೂ ಅವರು ಅರ್ಮೇನಿಯನ್ನರನ್ನು ಉಳಿಸಲು ಹೋಗಿ ಹುದ್ದೆ ಕಳೆದುಕೊಂಡರು. ಮಕ್ಕಾದ ಷರೀಫ್ ಹುಸೇನ್ 1917ರಲ್ಲಿ, ಅರ್ಮೇನಿಯನ್ನರನ್ನು ತಮ್ಮವರಂತೆ ಕಾಪಾಡಬೇಕೆಂದು ಪತ್ರ ಬರೆದರು. ಇವರೆಲ್ಲ ಮುಸ್ಲಿಮರು, ಅದೇ ಕಾಲದವರು. ಕಣ್ಣಾರೆ ಕಂಡವರು ಸುಳ್ಳೆನ್ನಲಿಲ್ಲ, ಧಾರಾವಾಹಿ ನೋಡಿದ ನಾನು ಸುಳ್ಳೆಂದೆ.

ಸ್ನೇಹಿತರೇ, ಸತ್ತವರಿಗೆ ನಾವು ಜೀವ ಕೊಡಲಾರೆವು. ಅವರು ಹೇಗೆ ಸತ್ತರೆಂಬ ಸತ್ಯವನ್ನಾದರೂ ಕಸಿಯದೆ ಇರಬಹುದು. ನಮ್ಮ ಮೇಲೆ ಅನ್ಯಾಯವಾದಾಗ ಜಗತ್ತು ನಂಬಲಿ ಎಂದು ಬಯಸುವ ನಾವು, ನಮ್ಮವರೆನ್ನಿಸಿಕೊಂಡವರು ಮಾಡಿದ ಅನ್ಯಾಯವನ್ನೂ ಒಪ್ಪಿಕೊಳ್ಳಬೇಕು. ನಮ್ಮ ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಮದರಸದಲ್ಲಿ ಕಲಿತದ್ದು ನನಗೆ ನೆನಪಾದದ್ದು ಆಗಲೇ. ಯಹೂದಿಯಾದ ಲೆಮ್ಕಿನ್ ತಮ್ಮ ಮನೆಯವರ ಸಾವಿಗೂ ಎಷ್ಟೋ ವರ್ಷ ಮೊದಲೇ ಅರ್ಮೇನಿಯನ್ ಕ್ರೈಸ್ತರ ಪರವಾಗಿ ಪ್ರಶ್ನೆ ಕೇಳಿದ್ದರು.

ಕೊನೆಯ ವರ್ಷಗಳನ್ನು ಅವರು ನ್ಯೂಯಾರ್ಕ್‌ನಲ್ಲಿ ಬಡತನದಲ್ಲಿ ಕಳೆದರು. ಒಂದೊಂದೇ ದೇಶ ಒಪ್ಪಂದವನ್ನು ಅನುಮೋದಿಸಲಿ ಎಂದು ಪತ್ರ ಬರೆಯುತ್ತಲೇ ಇದ್ದರು. ಭಾರತ ಅನುಮೋದಿಸಿದ್ದು 1959ರ ಆಗಸ್ಟ್ 27ರಂದು. ಮರುದಿನ, ಆಗಸ್ಟ್ 28ರಂದು, ಲೆಮ್ಕಿನ್ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಜನ.

ಮುಂದಿನ ಇತಿಹಾಸ ತರಗತಿಯಲ್ಲಿ ನಾನು ಮತ್ತೆ ಎದ್ದು ನಿಂತೆ. ಹಿಂದಿನ ವಾರ ಹೇಳಿದ್ದು ತಪ್ಪು ಎಂದೆ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ, ಆದರೆ ಕಾಲು ನಡುಗುತ್ತಿತ್ತು. ಸರ್ ತಲೆಯಾಡಿಸಿ, ಪಾಠ ಮುಂದುವರಿಸಿದರು.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ