ನಾಲ್ಕು ಒದೆತ, 12 ಅಂಕ ಮತ್ತು ಕಿತ್ತುಕೊಂಡ ಪದಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ‘ಸ್ಪೆಷಲ್ ಟೀಮ್ಸ್’ ಅಂತ ಒಂದು ವಿಭಾಗ ಇದೆ. ಚೆಂಡನ್ನು ಒದೆಯೋರು, ಎದುರಾಳಿ ಒದ್ದ ಚೆಂಡು ಹಿಡಿದು ಓಡೋರು, ಆ ಓಟ ತಡೆಯೋರು ಇದರಲ್ಲಿ ಬರ್ತಾರೆ. ಪಂದ್ಯದ ಸುದ್ದಿಯಲ್ಲಿ ಇವರಿಗೆ ಸಿಗೋದು ಕೊನೆಯ ಸಾಲು. ಇವರ ಆಟವನ್ನು ಅಳೆಯೋದು ಹೇಗೆ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಜಿಮ್ ಥಾರ್ಪ್ ನೆನಪಾಗ್ತಾನೆ.

ಥಾರ್ಪ್ ಇಂದಿನ ಒಕ್ಲಹೋಮದಲ್ಲಿ ಹುಟ್ಟಿದ ಮೂಲನಿವಾಸಿ, ಸ್ಯಾಕ್ ಆ್ಯಂಡ್ ಫಾಕ್ಸ್ ಸಮುದಾಯದವನು. ಓದಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯಲ್ಲಿ. 1879ರಲ್ಲಿ ಶುರುವಾದ ಈ ಸರ್ಕಾರಿ ವಸತಿ ಶಾಲೆ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ತಾಯಿನುಡಿ ಬಿಡಿಸಿ, ಅವರನ್ನು ಬಿಳಿಯರ ಅಚ್ಚಿಗೆ ಹಾಕಲು ಹೊರಟಿತ್ತು. ಅದೇ ಶಾಲೆಯ ತಂಡ ದೊಡ್ಡ ದೊಡ್ಡ ಕಾಲೇಜುಗಳ ಎದುರು ಆಡ್ತಿತ್ತು.

ಆಗ ಒದೆಯೋದಕ್ಕೆ ಅಂತ ಬೇರೆ ತಂಡ ಇರಲಿಲ್ಲ. ಅದೇ 11 ಜನ ಎಲ್ಲವನ್ನೂ ಮಾಡಬೇಕಿತ್ತು. 10 ಗಜ ಮುಂದೆ ಸಾಗಲು ಇದ್ದದ್ದು ಮೂರೇ ಅವಕಾಶ, ಈಗ ನಾಲ್ಕಿವೆ. ಹಾಗಾಗಿ ಒದೆತಕ್ಕೆ ಈಗಿಗಿಂತ ಹೆಚ್ಚು ಬೆಲೆ ಇತ್ತು.

1911ರ ನವೆಂಬರ್‌ನಲ್ಲಿ ಕಾರ್ಲೈಲ್ ತಂಡ ಹಾರ್ವರ್ಡ್ ಅನ್ನು 18-15ರಿಂದ ಸೋಲಿಸಿತು. ಕಾಲಿಗೆ ಪೆಟ್ಟಾಗಿದ್ದರೂ ಥಾರ್ಪ್ ನಾಲ್ಕು ಫೀಲ್ಡ್ ಗೋಲ್ ಹೊಡೆದ. ತಲಾ 3 ಅಂಕದಂತೆ 12, ಅಂದ್ರೆ ತಂಡದ ಮೂರನೇ ಎರಡು ಪಾಲು. ಮರುವಾರ ಸಿರಾಕ್ಯೂಸ್ ಎದುರು ಅದೇ ತಂಡ 12-11ರಲ್ಲಿ ಸೋತಿತು. ಒಂದು ಪಂದ್ಯ 3 ಅಂಕದಿಂದ, ಇನ್ನೊಂದು ಒಂದೇ ಅಂಕದಿಂದ ನಿರ್ಧಾರವಾಯ್ತು. ಇಷ್ಟಾದ ಮೇಲೂ ಒದೆಯೋದನ್ನು ಚಿಲ್ಲರೆ ಕೆಲಸ ಅನ್ನೋದು ಹೇಗೆ?

ಆದರೆ ಬರೀ ಅಂಕ ಎಣಿಸಿದರೂ ಸಾಲದು. 25 ಗಜದ ಫೀಲ್ಡ್ ಗೋಲ್, 50 ಗಜದ್ದು ಒಂದೇ ಅಲ್ಲ. 45 ಗಜ ದೂರ ಪಂಟ್ ಒದ್ದು ಎದುರಾಳಿ 15 ಗಜ ವಾಪಸ್ ಓಡಿಬಂದರೆ ಉಳಿಯೋದು 30 ಗಜ. ವಾಪಸ್ ಓಡಲು ಬಿಡದ 40 ಗಜದ ಒದೆತವೇ ಅದಕ್ಕಿಂತ ಮೇಲು. ಎದುರಿಗೆ ಯಾರಿದ್ದರು ಎಂಬುದನ್ನೂ ನೋಡಬೇಕು. ಅಂದು ಹಾರ್ವರ್ಡ್ ಮೊದಲು ಇಳಿಸಿದ್ದು ಮೀಸಲು ಆಟಗಾರರನ್ನು. ಇದೆಲ್ಲ ಪ್ರಾಮಾಣಿಕ ಲೆಕ್ಕ, ನನ್ನ ತಕರಾರಿಲ್ಲ.

ತಕರಾರು ಇರೋದು ಮುಂದಿನದ್ದಕ್ಕೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಥಾರ್ಪ್ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಮೊದಲೊಮ್ಮೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಅಂತ 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ಎಷ್ಟೋ ಬಿಳಿಯ ಕಾಲೇಜು ಹುಡುಗರು ಸುಳ್ಳು ಹೆಸರಲ್ಲಿ ಅದನ್ನೇ ಮಾಡ್ತಿದ್ರು. ಈತ ಸ್ವಂತ ಹೆಸರಲ್ಲೇ ಆಡಿ ಸಿಕ್ಕಿಬಿದ್ದ. ಆಕ್ಷೇಪ ಸಲ್ಲಿಸಲು ನಿಯಮದಲ್ಲಿದ್ದ ಗಡುವು 30 ದಿನ. ಅದು ಮುಗಿದು ತಿಂಗಳುಗಳೇ ಕಳೆದಿದ್ದವು! ಅಮೆರಿಕದ ಎಲ್ಲ ಮೂಲನಿವಾಸಿಗಳಿಗೆ ಪೌರತ್ವ ಕೊಡುವ ಕಾನೂನು ಬಂದದ್ದೇ 1924ರಲ್ಲಿ ಎಂಬುದನ್ನೂ ಇಲ್ಲಿ ನೆನಪಿಡಬೇಕು.

1953ರಲ್ಲಿ ಥಾರ್ಪ್ ತೀರಿಕೊಂಡ. 1982ರಲ್ಲಿ ಒಲಿಂಪಿಕ್ ಸಮಿತಿ ಆತನನ್ನು ಜಂಟಿ ವಿಜೇತ ಅಂತ ಒಪ್ಪಿತು. ಏಕೈಕ ವಿಜೇತ ಅಂತ ಒಪ್ಪಲು 2022 ಬರಬೇಕಾಯ್ತು.

ಮೈದಾನದಲ್ಲಿ ಆತನ ಒಂದೊಂದು ಗಜಕ್ಕೂ ಲೆಕ್ಕ ಇತ್ತು. ಮೈದಾನದ ಹೊರಗೆ ನಿಯಮ ಬರೆದವರೇ ನಿಯಮ ಮುರಿದರು. ಅದಕ್ಕೇ, ಯಾರಾದರೂ ಮೆರಿಟ್ ಬಗ್ಗೆ ಭಾಷಣ ಶುರು ಮಾಡಿದರೆ ನಾನು ಮೊದಲು ಕೇಳೋದು ಇಷ್ಟೇ: ಅಳೆದವರು ಯಾರು, ಅದೇ ಅಳತೆ ಎಲ್ಲರಿಗೂ ಇತ್ತಾ?