ಮಕ್ಕಳ ಪ್ರಶ್ನೆಗೆ ಓಗೊಟ್ಟ ಅನಂತ ಪೈ

ಅಮರ ಚಿತ್ರ ಕಥೆಯ ಹಳೆಯ ಪ್ರತಿಗಳನ್ನು ಕೂಡಿಸಿಟ್ಟುಕೊಂಡ ಬಾಲಕರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವುದುಂಟು. ಇಂಗ್ಲಿಷಿನಲ್ಲಿ ಆ ಮಾಲೆಯ ಪ್ರಥಮ ಪುಸ್ತಕವೆಂದು ಪ್ರಸಿದ್ಧವಾದ ‘ಕೃಷ್ಣ’ದ ಹಳೆಯ ಮುದ್ರಣದಲ್ಲಿ ಕ್ರಮಸಂಖ್ಯೆ 11 ಎಂದಿದೆ. ಹಾಗಾದರೆ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಎಲ್ಲಿ ಹೋದವು? ಹಿರಿಯರು ಇದನ್ನು ಅಚ್ಚಿನ ದೋಷವೆಂದು ತಳ್ಳಿಹಾಕಿಬಿಡುತ್ತಾರೆ. ಅದು ದೋಷವಲ್ಲ. ಆ ಹತ್ತು ಪುಸ್ತಕಗಳು ಕನ್ನಡದಲ್ಲಿದ್ದವು. ಮಗುವಿನ ಪ್ರಶ್ನೆಯನ್ನು ಕ್ಷುಲ್ಲಕವೆಂದು ಭಾವಿಸದೆ ಬೆನ್ನುಹತ್ತಿ ಹೋದರೆ ಎಂಥ ಸಂಗತಿಗಳು ದೊರೆಯುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ. ಇಂಥ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವುದನ್ನೇ ಜೀವಿತದ ಕಾಯಕವನ್ನಾಗಿ ಮಾಡಿಕೊಂಡಿದ್ದ ಕನ್ನಡ ನಾಡಿನ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸಲಾಗಿದೆ.

ದಿವಂಗತ ಅನಂತ ಪೈ ಅವರು 1929ನೆಯ ಇಸವಿ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ತಂದೆ ವೆಂಕಟರಾಯರು, ತಾಯಿ ಸುಶೀಲಾ. ಅಂದು ಆ ಊರು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ನಾಡಿನ ಮಾತು ಕನ್ನಡ. ಗುಡ್ಡದ ನೆತ್ತಿಯ ಮೇಲೆ 1432ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟೇಶ್ವರ. ಗೆದ್ದ ರಾಜ್ಯವನ್ನು ಬಿಟ್ಟು ನಿಂತ ವೀರನೊಬ್ಬನ ಮೂರ್ತಿಯನ್ನು ದಿನವೂ ಕಾಣುತ್ತ ಬೆಳೆದ ಬಾಲಕನು ಮುಂದೆ ಬಾಹುಬಲಿಯ ಕಥೆಯನ್ನೂ ತನ್ನ ಮಾಲೆಯಲ್ಲಿ ಸೇರಿಸಿದುದು ಸಹಜವೇ ಆಗಿದೆ. ಜೈನ ಬಂಧುಗಳು ಬಹುಸಂಖ್ಯೆಯಲ್ಲಿರುವ ನಮ್ಮ ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ಓದುಗರಿಗೆ ಈ ಮಾತು ವಿಶೇಷವಾಗಿ ರುಚಿಸೀತು.

ಎರಡು ವರ್ಷ ತುಂಬುವಷ್ಟರಲ್ಲಿಯೇ ಅವರು ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡರು. ಬಂಧುಗಳ ಆಶ್ರಯದಲ್ಲಿ ಬೆಳೆದು ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಮಾಹೀಮಿನ ಓರಿಯೆಂಟ್ ಶಾಲೆಯನ್ನು ಸೇರಿದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅವರು ವ್ಯಾಸಂಗ ಮಾಡಿದ್ದು ರಸಾಯನ ತಂತ್ರಜ್ಞಾನವನ್ನು. ಆ ಕಾಲದಲ್ಲಿ ಅಂಥ ಪದವಿಯಿದ್ದವನಿಗೆ ಉದ್ಯೋಗದ ಚಿಂತೆ ಇರಲಿಲ್ಲ. ಆದರೂ ಅವರ ಮನಸ್ಸು ಪ್ರಯೋಗಶಾಲೆಯಲ್ಲಿ ನಿಲ್ಲಲಿಲ್ಲ. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಅದು ಬಾಳಲಿಲ್ಲ. ಸೋತ ಪತ್ರಿಕೆಯ ಸಂಪಾದಕನೆಂಬ ಬಿರುದನ್ನು ಹೊತ್ತುಕೊಂಡೇ ಅವರು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗಕ್ಕೆ ಬಂದರು.

1964ರಲ್ಲಿ ಆ ಸಂಸ್ಥೆಯಿಂದ ಇಂದ್ರಜಾಲ ಕಾಮಿಕ್ಸ್ ಹೊರಬಂದಿತು. ಅಮೆರಿಕೆಯ ಸೂಪರ್‌ಮ್ಯಾನ್ ಕಥೆಗಳನ್ನು ತರಬೇಕೆಂಬ ವಿಚಾರ ಮೊದಲು ಇದ್ದಿತೆಂದೂ, ಫ್ಯಾಂಟಮ್ ಎಂಬ ವೀರನೇ ನಮ್ಮ ಜನಕ್ಕೆ ಹೆಚ್ಚು ಹಿಡಿಸುವನೆಂದು ಪೈಯವರು ಸೂಚಿಸಿದರೆಂದೂ ಹೇಳುತ್ತಾರೆ. ಸೂಪರ್‌ಮ್ಯಾನ್ ಬೇರೊಂದು ಗ್ರಹದಿಂದ ಬಂದವನು, ಹಾರಬಲ್ಲವನು, ಗುಂಡು ಅವನನ್ನು ತಾಕದು. 1936ರಲ್ಲಿ ಲೀ ಫಾಕ್ ಎಂಬ ಲೇಖಕನು ಸೃಷ್ಟಿಸಿದ ಫ್ಯಾಂಟಮ್ ಹಾಗಲ್ಲ. ಅವನು ಕಾಡಿನ ಗುಹೆಯಲ್ಲಿ ವಾಸಿಸುವ ಮನುಷ್ಯ. ಹಸಿವೆಯಾಗುತ್ತದೆ, ಗಾಯವಾಗುತ್ತದೆ, ಸಾವೂ ಬರುತ್ತದೆ. ತಂದೆ ಸತ್ತೊಡನೆ ಮಗನು ಅದೇ ವೇಷವನ್ನು ಧರಿಸಿ, ಅದೇ ಪ್ರತಿಜ್ಞೆಯನ್ನು ಸ್ವೀಕರಿಸಿ ಮುಂದುವರಿಯುತ್ತಾನೆ. ನಾವು ಓದುವ ಕಥೆಗಳ ನಾಯಕನು ಆ ಪರಂಪರೆಯ 21ನೆಯವನು. ಕಾಡಿನ ಜನರು ಮಾತ್ರ ಅವನಿಗೆ ಮರಣವೇ ಇಲ್ಲವೆಂದು ನಂಬಿದ್ದಾರೆ. ಫ್ಯಾಂಟಮ್ಮನಿಗೆ ಸಾವಿಲ್ಲವೇ ಎಂದು ಕೇಳಿದ ಮಗುವಿಗೆ ಕೊಡಬೇಕಾದ ಉತ್ತರ ಇಷ್ಟೇ: ವ್ಯಕ್ತಿಗೆ ಸಾವುಂಟು, ಹೊತ್ತ ಹೊಣೆಗೆ ಸಾವಿಲ್ಲ. ಗುರುಪರಂಪರೆಯನ್ನು ಬಲ್ಲ ನಮ್ಮ ಮಠದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅವಶ್ಯಕತೆಯೂ ಇಲ್ಲ.

ಅಂದಿನ ಶಿಕ್ಷಕರು ಈ ಪುಸ್ತಕಗಳನ್ನು ಹೇಗೆ ಕಂಡರೆಂಬುದನ್ನು ಹಳೆಯ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ. ಇತಿಹಾಸ ಪುಸ್ತಕದ ಮಡಿಲಲ್ಲಿ ಇಂದ್ರಜಾಲವನ್ನಿಟ್ಟು ಓದಿ ಸಿಕ್ಕಿಬಿದ್ದು ಛಡಿಯೇಟು ತಿಂದವರು ಇಂದು ನಮ್ಮ ದಾನಿಗಳ ಪಂಕ್ತಿಯಲ್ಲಿಯೂ ಇದ್ದಾರು.

1967ರಲ್ಲಿ ಪೈಯವರು ದೆಹಲಿಗೆ ಹೋಗಿದ್ದಾಗ ದೂರದರ್ಶನದಲ್ಲಿ ವಿದ್ಯಾರ್ಥಿಗಳ ಪ್ರಶ್ನೋತ್ತರ ಸ್ಪರ್ಧೆಯನ್ನು ನೋಡಿದರು. ಒಲಿಂಪಸ್ ಪರ್ವತದ ಗ್ರೀಕ್ ದೇವತೆಯ ಹೆಸರು ಹೇಳಬಲ್ಲ ಮಕ್ಕಳಿಗೆ ಶ್ರೀರಾಮನ ತಾಯಿ ಯಾರೆಂಬುದು ತಿಳಿದಿರಲಿಲ್ಲ. ಈ ಪ್ರಸಂಗವನ್ನು ಅವರು ಜೀವನದ ಕೊನೆಯವರೆಗೂ ಸಾರಿ ಸಾರಿ ಹೇಳುತ್ತಿದ್ದರು. ಫ್ಯಾಂಟಮ್ಮನನ್ನು ಭಾರತದ ಮಕ್ಕಳ ಕೈಗೆ ಕೊಟ್ಟವರಲ್ಲಿ ತಾವೂ ಒಬ್ಬರೆಂಬ ಅರಿವು ಅವರನ್ನು ಆಗ ಚುಚ್ಚಿರಬೇಕು. ಇದು ನಮ್ಮ ಊಹೆ. ಅದೇ ವರ್ಷ ಅವರು ಟೈಮ್ಸ್ ಸಂಸ್ಥೆಯನ್ನು ಬಿಟ್ಟು ಇಂಡಿಯಾ ಬುಕ್ ಹೌಸಿನ ಮಿರಚಂದಾನಿಯವರೊಡನೆ ಅಮರ ಚಿತ್ರ ಕಥೆಯ ಕಾರ್ಯದಲ್ಲಿ ತೊಡಗಿದರು.

ಆರಂಭದ ಪ್ರಶ್ನೆಗೆ ಇಲ್ಲಿ ಹಿಂದಿರುಗಬೇಕು. ಅದೇ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿಯೇ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತರುವ ಸಾಹಸ ಮಾಡಿದ್ದರು. ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳೇ ಆ ಮೊದಲ ಹತ್ತು ಪುಸ್ತಕಗಳು. ಅವುಗಳಿಗೆ ದೊರೆತ ಆದರವೇ ಮುಂದಿನ ಧೈರ್ಯಕ್ಕೆ ಕಾರಣವಾಯಿತು. ಪೈಯವರ ಕೀರ್ತಿಯ ಬೆಳಕಿನಲ್ಲಿ ಅನಂತರಾಮರ ಹೆಸರು ಬಹುಕಾಲ ಮಸುಕಾಗಿದ್ದುದು ನ್ಯಾಯವಲ್ಲ. ಬೀಜ ಬಿತ್ತಿದವರು ಒಬ್ಬರು, ನಾಲ್ಕು ದಶಕ ನೀರೆರೆದವರು ಇನ್ನೊಬ್ಬರು; ಇಬ್ಬರೂ ಕನ್ನಡ ನಾಡಿನವರೇ. ಮುಂದೆ ನಾನ್ನೂರಕ್ಕೂ ಹೆಚ್ಚು ಶೀರ್ಷಿಕೆಗಳಾಗಿ, ದೇಶದ ಅನೇಕ ಭಾಷೆಗಳಲ್ಲಿ ಹಬ್ಬಿದ ಮಾಲೆಯ ಮೂಲ ನಮ್ಮ ಭಾಷೆಯಲ್ಲಿದೆ ಎಂಬುದನ್ನು ಆ ಹನ್ನೊಂದು ಎಂಬ ಅಂಕಿ ಮೌನವಾಗಿ ಸಾರುತ್ತಿದೆ.

‘ಕೃಷ್ಣ’ದ ಸಾಹಿತ್ಯವನ್ನು ಪೈಯವರೇ ಬರೆದರು, ಚಿತ್ರಗಳನ್ನು ರಾಮ್ ವಾಯೀರಕರ್ ರಚಿಸಿದರು. ಇಲ್ಲಿ ಒಂದು ಸೂಕ್ಷ್ಮ ಸಮಸ್ಯೆ ಎದುರಾಯಿತು. ಫ್ಯಾಂಟಮ್ಮನ ಶಕ್ತಿಯ ವಿಚಾರ ಹೇಗೆ ಹೇಳಿದರೂ ನಡೆದೀತು. ಗೋವರ್ಧನ ಗಿರಿಯನ್ನು ಕಿರುಬೆರಳಿನಲ್ಲಿ ಎತ್ತಿದವನ ವಿಚಾರ ಹಾಗಲ್ಲ. ವಿಜ್ಞಾನ ಓದಿದ ಪೈಯವರು ಮೊದಲ ಆವೃತ್ತಿಯಲ್ಲಿ ಪವಾಡಗಳ ವಿಷಯದಲ್ಲಿ ಹಿಂಜರಿದರು. ಗಿರಿಯನ್ನೆತ್ತಿದ ಪ್ರಸಂಗಕ್ಕೆ ತಕ್ಕ ಪ್ರಾಧಾನ್ಯ ಸಿಕ್ಕಿದ್ದು ಮುಂದಿನ ಪರಿಷ್ಕೃತ ಆವೃತ್ತಿಯಲ್ಲಿ. ಕೃಷ್ಣನು ದೊಡ್ಡವನೋ ಸೂಪರ್‌ಮ್ಯಾನ್ ದೊಡ್ಡವನೋ ಎಂಬುದು ಮಕ್ಕಳ ಬಾಯಲ್ಲಿ ಇಂದಿಗೂ ಕೇಳಿಬರುವ ಪ್ರಶ್ನೆ. ನಗಬೇಡಿ, ಹುಸಿ ಉತ್ತರ ಕೊಟ್ಟು ನುಣುಚಿಕೊಳ್ಳಲೂ ಬೇಡಿ. ಕಲ್ಪಿತ ಕಥೆ, ಪುರಾಣ, ಇತಿಹಾಸ ಇವು ಮೂರೂ ಒಂದೇ ಬಗೆಯ ಬಣ್ಣದ ಚಿತ್ರಗಳಲ್ಲಿ ಎದುರಿಗೆ ಬಂದಾಗ ಮಗುವಿಗೆ ಗೊಂದಲವಾಗುವುದು ಮಗುವಿನ ತಪ್ಪಲ್ಲ. ಗೆರೆ ಎಳೆದು ತೋರಿಸಬೇಕಾದವರು ನಾವು. ಅಮರ ಚಿತ್ರ ಕಥೆಯು ಆ ಗೆರೆಯನ್ನು ಎಲ್ಲ ವೇಳೆಯಲ್ಲಿಯೂ ಸ್ಪಷ್ಟವಾಗಿ ಎಳೆಯಿತೆಂದು ಹೇಳಲಾಗದು.

ಪೈಯವರು ಸಂಪಾದಕರಾಗಿ ಒಂದು ಪ್ರಾಚೀನ ಸುಭಾಷಿತವನ್ನು ಸೂತ್ರವಾಗಿ ಸ್ವೀಕರಿಸಿದ್ದರು. ಸತ್ಯವನ್ನು ನುಡಿಯಬೇಕು, ಪ್ರಿಯವಾದುದನ್ನು ನುಡಿಯಬೇಕು, ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬುದು ಅದರ ತಾತ್ಪರ್ಯ. ಎಳೆಯರ ಮನಸ್ಸನ್ನು ನೋಯಿಸಬಾರದು, ಸಮಾಜದ ಗಾಯಗಳನ್ನು ಕೆದಕಬಾರದು ಎಂಬ ಸದಾಶಯ ಅದರ ಹಿಂದೆ ಇತ್ತು. ಆದರೆ ಶರಣರ ಮಾರ್ಗದಲ್ಲಿ ನಡೆಯುವ ನಮಗೆ ಈ ಸೂತ್ರವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಬಸವಣ್ಣನವರ ಚರಿತ್ರೆಯಿಂದ ಅಪ್ರಿಯವಾದುದನ್ನೆಲ್ಲ ಕಳೆದರೆ ಉಳಿಯುವುದೇನು? ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ವಿವಾಹ, ಆ ಶರಣರಿಗೆ ವಿಧಿಸಿದ ಎಳೆಹೂಟೆಯ ಘೋರ ಶಿಕ್ಷೆ, ಹೊತ್ತಿ ಉರಿದ ಕಲ್ಯಾಣ, ದಿಕ್ಕುದಿಕ್ಕಿಗೆ ಚದುರಿದ ಶರಣರು, ಇವುಗಳಲ್ಲಿ ಪ್ರಿಯವಾದುದು ಯಾವುದೂ ಇಲ್ಲ. ಇವಿಲ್ಲದೆ ಬಸವಣ್ಣನವರೂ ಇಲ್ಲ. ಆ ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳುವುದು ಬೇರೆ, ಹೇಳದೆ ಬಿಡುವುದು ಬೇರೆ. ಪೈಯವರ ಬಗ್ಗೆ ಅಪಾರ ಗೌರವವಿಟ್ಟುಕೊಂಡೇ ಈ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇವೆ.

ಅದೇ ಮಾಲೆಯ ಇನ್ನೊಂದು ಪುಸ್ತಕವನ್ನು ನೆನೆದಾಗ ಮನಸ್ಸು ತಿಳಿಯಾಗುತ್ತದೆ. ಅದು ಕೆಳದಿಯ ಚೆನ್ನಮ್ಮಾಜಿಯ ಕಥೆ. 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಸಿಕ್ಕದೆ ರಾಯಗಡದಿಂದ ಜಿಂಜಿಯತ್ತ ಹೊರಟ ಶಿವಾಜಿ ಮಹಾರಾಜರ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಅದಕ್ಕಾಗಿ ಮೊಗಲ ಸೈನ್ಯವನ್ನು ಎದುರಿಸಿದ ವೀರಶೈವ ರಾಣಿ ಅವಳು. ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳ ಕಡೆ ಒಂದೇ ಮನೆಯಲ್ಲಿ ಕನ್ನಡವೂ ಮರಾಠಿಯೂ ನಡೆಯುತ್ತದೆ. ಅಜ್ಜಿ ಒಂದು ಭಾಷೆಯಲ್ಲಿ ಕಥೆ ಹೇಳಿದರೆ ಮೊಮ್ಮಗ ಇನ್ನೊಂದರಲ್ಲಿ ಓದುತ್ತಾನೆ. ಗಡಿಯ ಹೆಸರಿನಲ್ಲಿ ನಾವು ಪಟ್ಟ ಬೇಗೆ ಸಣ್ಣದಲ್ಲ. ಶಿವಾಜಿ ನಮ್ಮವನೋ ಅವರವನೋ ಎಂದು ಕೇಳುವ ಹುಡುಗನಿಗೆ ಚೆನ್ನಮ್ಮಾಜಿಯ ಬಾಗಿಲಲ್ಲಿ ನಿಂತ ರಾಜಾರಾಮನ ಚಿತ್ರವನ್ನು ತೋರಿಸಿದರೆ ಸಾಕು. ಬಹಳ ಮಾತು ಬೇಕಾಗುವುದಿಲ್ಲ.

1978ರ ಫೆಬ್ರುವರಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವೆಂಬ ವಿಷಯವಾಗಿ ದೆಹಲಿಯಲ್ಲಿ ಒಂದು ವಿಚಾರಗೋಷ್ಠಿ ನಡೆಯಿತು. ಕೆಲವು ಶಾಲೆಗಳಲ್ಲಿ ಇತಿಹಾಸವನ್ನು ಒಂದು ಗುಂಪಿಗೆ ಪಠ್ಯದಿಂದಲೂ ಇನ್ನೊಂದು ಗುಂಪಿಗೆ ಚಿತ್ರಕಥೆಯಿಂದಲೂ ಕಲಿಸಿ ನೋಡಿದಾಗ ಎರಡನೆಯವರೇ ಮುಂದಿದ್ದರೆಂಬ ಫಲಿತಾಂಶವನ್ನು ಪ್ರಕಾಶಕರು ಪ್ರಚುರಪಡಿಸಿದರು. ಪ್ರಕಾಶಕರ ಪ್ರಯೋಗವನ್ನು ಪ್ರಕಾಶಕರೇ ಹೊಗಳಿಕೊಂಡರೆಂದು ಯಾರಾದರೂ ಆಕ್ಷೇಪಿಸಬಹುದು. ಅದೇನೇ ಇರಲಿ, ಕಸಿದುಕೊಳ್ಳಬೇಕಾದ ವಸ್ತುವಾಗಿದ್ದ ಚಿತ್ರಕಥೆ ಶಾಲೆಯ ಗ್ರಂಥಾಲಯದ ಕಪಾಟಿಗೆ ಏರಿದ್ದು ಇಂಥ ಪ್ರಯತ್ನಗಳಿಂದ.

ಪೈಯವರು ಮಕ್ಕಳಿಗೆ ನಿಜವಾಗಿ ಹತ್ತಿರವಾದದ್ದು ಮಾತ್ರ 1980ರ ಏಪ್ರಿಲಿನಲ್ಲಿ ಆರಂಭವಾದ ‘ಟಿಂಕಲ್’ ಪತ್ರಿಕೆಯಿಂದ. ಅದಕ್ಕೆ ಹೆಸರು ಹೊಳೆದದ್ದು ಟೆಲಿಫೋನಿನ ಗಂಟೆಯ ಸದ್ದಿನಿಂದ. ಸೂಚಿಸಿದವರು ಸಹಸಂಪಾದಕ ಸುಬ್ಬರಾವ್. ದೇಶದ ಮೂಲೆಮೂಲೆಗಳಿಂದ ಮಕ್ಕಳ ಪತ್ರಗಳು ಅಂಕಲ್ ಪೈ ಎಂಬ ಹೆಸರಿಗೆ ಬರತೊಡಗಿದವು. ಪತ್ರ ಬರೆದವರು ಬರಿಯ ಓದುಗರಾಗಿ ಉಳಿಯಲಿಲ್ಲ. 1983ರಲ್ಲಿ ಬಂದ ಪೆದ್ದ ಸುಪ್ಪಂದಿ, ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಜನಪದ ಕಥೆಗಳಿಂದ ಹುಟ್ಟಿದವನು. ಅದೇ ವರ್ಷ ಕಾಣಿಸಿಕೊಂಡ ಬೇಟೆಗಾರ ಶಿಕಾರಿ ಶಂಭು ಹುಲಿಯ ಹೆಸರು ಕೇಳಿದರೆ ನಡುಗುವವನು. ಆದರೂ ಪ್ರತಿ ಸಲವೂ ಅಕಸ್ಮಾತ್ತಾಗಿ ಗೆದ್ದು ಜನರಿಂದ ಹೊಗಳಿಸಿಕೊಳ್ಳುವವನು. ಅವನ ಟೋಪಿ ಕಣ್ಣುಗಳನ್ನು ಮುಚ್ಚಿಯೇ ಇರುತ್ತದೆ. ಅವನಿಗೆ ಕಣ್ಣು ಕಾಣುವುದು ಹೇಗೆ ಎಂದು ಕೇಳದ ಮಗುವಿಲ್ಲ. ಅತಿಮಾನುಷ ವೀರರ ನಡುವೆ ಹೆದರುಪುಕ್ಕಲನೊಬ್ಬನು ಮಕ್ಕಳ ಅಕ್ಕರೆಗೆ ಪಾತ್ರನಾದ ಬಗೆ ವಿಚಾರಯೋಗ್ಯವಾಗಿದೆ. ಬಲಶಾಲಿಯನ್ನು ಕಂಡು ಮಗು ಬೆರಗಾಗುತ್ತದೆ. ಅಂಜುವವನನ್ನು ಕಂಡರೆ ತನ್ನವನೆಂದುಕೊಳ್ಳುತ್ತದೆ.

ಮಕ್ಕಳ ಅಂಜಿಕೆ, ಹಿಂಜರಿಕೆಗಳೂ ಪೈಯವರ ಚಿಂತನೆಯ ವಸ್ತುವಾಗಿದ್ದವು. ಪಾರ್ಥ ಎಂಬ ಸಂಸ್ಥೆಯನ್ನು ಕಟ್ಟಿ ಅಂಚೆಯ ಮೂಲಕ ವ್ಯಕ್ತಿತ್ವ ವಿಕಸನದ ಪಾಠಗಳನ್ನು ಅವರು ನಡೆಸಿದರು; ಆತ್ಮವಿಶ್ವಾಸವನ್ನು ಬೆಳೆಸಿಕೊಳ್ಳುವ ಬಗೆಯನ್ನು ಕುರಿತು ಪುಸ್ತಕಗಳನ್ನು ಬರೆದರು. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ವೀರಪುರುಷರ ಕಥೆಯೊಂದೇ ಸಾಲದೆಂಬುದನ್ನು ಅನಾಥ ಬಾಲ್ಯವನ್ನು ಕಂಡವರಾದ ಅವರು ಬಲ್ಲವರಾಗಿದ್ದರು.

2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ದೇಶದ ಪ್ರಥಮ ಕಾಮಿಕ್ಸ್ ಸಮ್ಮೇಳನವು ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಸಮರ್ಪಿಸಿತು. ಕೆಲವೇ ದಿನಗಳಲ್ಲಿ, ಫೆಬ್ರುವರಿ 24ರ ಸಂಜೆ, ಅವರು ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 81 ವರ್ಷ. ಪತ್ನಿ ಲಲಿತಾ ಅವರನ್ನು ಅಗಲಿದರು. ಅದೇ ವರ್ಷದ ಸೆಪ್ಟೆಂಬರ್ 17ರಂದು, ಅವರ ಜನ್ಮದಿನದ ನೆನಪಿಗಾಗಿ, ಗೂಗಲ್ ಸಂಸ್ಥೆಯವರು ತಮ್ಮ ಹೆಸರನ್ನೇ ಒಂದು ಚಿತ್ರಕಥೆಯ ಪುಟದಂತೆ ಚೌಕಟ್ಟುಗಳಲ್ಲಿ ಬರೆಯಿಸಿ ಪ್ರದರ್ಶಿಸಿದರು.